ನಿಂತು ರಾಡ್ ಎತ್ತಲು ಕಲಿತ ಬಗೆ

ಶೋಲ್ಡರ್ ಪ್ರೆಸ್ ನೋಡಲು ತುಂಬಾ ಸರಳ. ನಿಂತುಕೊಂಡು ರಾಡನ್ನು, ಅಂದರೆ ಎರಡು ತುದಿಗೆ ಭಾರದ ಪ್ಲೇಟ್ ಹಾಕುವ ಕಬ್ಬಿಣದ ಸಲಾಕೆಯನ್ನು, ಎದೆಯ ಮೇಲಿಂದ ತಲೆಯ ಮೇಲಕ್ಕೆ ಎತ್ತುವುದು, ಮತ್ತೆ ಇಳಿಸುವುದು. ಅಷ್ಟೇ. ಹೆಸರೇ ಹೇಳುವ ಹಾಗೆ ಇದು ಭುಜದ ವ್ಯಾಯಾಮ ಎಂದು ಎಲ್ಲರೂ ತಿಳಿದಿರುತ್ತಾರೆ. ನಾನು ಇದನ್ನು ಕಲಿತದ್ದು ನಲವತ್ತು ದಾಟಿದ ಮೇಲೆ, ಉಡುಪಿಯ ಕುಂಜಿಬೆಟ್ಟಿನ ಹತ್ತಿರ ಮಹಡಿಯ ಮೇಲಿರುವ ಒಂದು ಸಣ್ಣ ಜಿಮ್‌ನಲ್ಲಿ. ಕಲಿಯುತ್ತಾ ಹೋದ ಹಾಗೆ ಒಂದು ವಿಷಯ ಸ್ಪಷ್ಟವಾಯಿತು. ಇದರಲ್ಲಿ ಭುಜದ ಸರದಿ ಬರುವುದು ಕೊನೆಗೆ. ಮೊದಲು ಪಾದ ಊರಬೇಕು, ತೊಡೆ ಬಿಗಿಯಾಗಬೇಕು, ಹೊಟ್ಟೆ ಗಟ್ಟಿಯಾಗಬೇಕು. ಆಮೇಲೆ ಕೈಯ ಮಾತು.

ನನಗೆ ಇದು ಯಾಕೆ ಬೇಕಾಯಿತು ಎಂದರೆ, ನನ್ನದು ಕಾಲೇಜು ಲೈಬ್ರರಿಯಲ್ಲಿ ಕೆಲಸ. ಹಳೆಯ ಪತ್ರಿಕೆಗಳನ್ನು ವರ್ಷವಾರು ಬೈಂಡ್ ಮಾಡಿಸಿ ಇಡುತ್ತೇವೆ. ಒಂದೊಂದೂ ಒಳ್ಳೆಯ ಭಾರ. ಅವನ್ನು ಮೇಲಿನ ರ್ಯಾಕಿಗೆ ಏರಿಸುವಾಗ ಬಲ ಭುಜ ಚುಳುಕ್ ಎನ್ನುತ್ತಿತ್ತು. ಮೂಳೆ ಡಾಕ್ಟರು ಪರೀಕ್ಷೆ ಮಾಡಿ, ಒಳಗೆ ಏನೂ ಹರಿದಿಲ್ಲ, ಆದರೆ ಶಕ್ತಿ ಕಡಿಮೆಯಾಗಿದೆ, ನಿಧಾನವಾಗಿ ಭಾರ ಎತ್ತಿ ಅಭ್ಯಾಸ ಮಾಡಿ ಎಂದರು. ನಡಿಗೆ ಸಾಕಲ್ವಾ ಎಂದು ಕೇಳಿದೆ. ನಡಿಗೆ ಹೃದಯಕ್ಕೆ ಒಳ್ಳೆಯದು, ಆದರೆ ತೋಳು, ಬೆನ್ನಿಗೆ ಅದರಿಂದ ಬಲ ಬರುವುದಿಲ್ಲ ಎಂದರು. ವಿಶ್ವ ಆರೋಗ್ಯ ಸಂಸ್ಥೆಯೂ ದೊಡ್ಡವರಿಗೆ ಹೇಳುವುದು ಅದನ್ನೇ: ನಡಿಗೆ, ಓಟದ ಜೊತೆಗೆ ವಾರಕ್ಕೆ ಕನಿಷ್ಠ 2 ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ ಬೇಕು. ಮುಟ್ಟು ನಿಲ್ಲುವ ಹೊತ್ತಿಗೆ ಹೆಂಗಸರ ಮೂಳೆ ಬೇಗ ಸವೆಯತೊಡಗುತ್ತದೆ. ಆಗ ಈ ಮಾತಿಗೆ ಇನ್ನೂ ಜಾಸ್ತಿ ಬೆಲೆ ಉಂಟು.

ಮೊದಲು ಸೇರಿದ ಜಿಮ್‌ನಲ್ಲಿ ನನ್ನನ್ನು ರಾಡ್ ಹತ್ತಿರಕ್ಕೇ ಬಿಡಲಿಲ್ಲ. ಲೇಡೀಸ್‌ಗೆ ಟ್ರೆಡ್‌ಮಿಲ್ ಉಂಟಲ್ಲ, ರಾಡ್ ಯಾಕೆ ಎಂದರು. ಕೊಟ್ಟರೆ ಗುಲಾಬಿ ಬಣ್ಣದ ಒಂದು ಕೆಜಿ ಡಂಬೆಲ್ಸ್. ನನ್ನ ವ್ಯಾನಿಟಿ ಬ್ಯಾಗೇ ಅದಕ್ಕಿಂತ ಭಾರ. ಈ ಪ್ರಾಯದ ಹೆಂಗಸರಿಗೆ ಹೀಗೆ ಹೇಳಿ ಕಳಿಸುವುದು ದೊಡ್ಡ ಅನ್ಯಾಯ ಎಂದು ನನಗೆ ಈಗಲೂ ಅನ್ನಿಸುತ್ತದೆ. ತಿಂಗಳ ದುಡ್ಡು ಅಲ್ಲೇ ಬಿಟ್ಟು ಬೇರೆ ಕಡೆ ಹುಡುಕಿದೆ.

ಈಗಿನ ಜಿಮ್‌ನ ಮಾಸ್ಟ್ರು ನಿವೃತ್ತ ಪಿ.ಟಿ. ಮೇಷ್ಟ್ರು. ಕಾಲೇಜು ದಿನಗಳಲ್ಲಿ ವೇಟ್‌ಲಿಫ್ಟಿಂಗ್ ಮಾಡಿದವರು. ಗೋಡೆಯ ಮೇಲೆ ಗುರುರಾಜ ಪೂಜಾರಿಯವರ ಪೇಪರ್ ಕಟಿಂಗ್ ಅಂಟಿಸಿದ್ದಾರೆ. ನಮ್ಮದೇ ಕುಂದಾಪುರ ಕಡೆಯ ಹುಡುಗ, ಉಜಿರೆಯಲ್ಲಿ ಕಲಿಯುವಾಗ ಭಾರ ಎತ್ತಲು ಶುರು ಮಾಡಿದವರು, 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕೂಟದಲ್ಲಿ 56 ಕೆಜಿ ವಿಭಾಗದ ಬೆಳ್ಳಿ ತಂದವರು. ಅಲ್ಲಿ ಕ್ಲೀನ್ ಅಂಡ್ ಜರ್ಕ್‌ನಲ್ಲಿ, ಅಂದರೆ ರಾಡನ್ನು ನೆಲದಿಂದ ಮೊದಲು ಭುಜಕ್ಕೆ, ಅಲ್ಲಿಂದ ತಲೆಯ ಮೇಲಕ್ಕೆ ಎತ್ತುವುದರಲ್ಲಿ, ಅವರು ಎತ್ತಿದ್ದು 138 ಕೆಜಿ. 2022ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ 61 ಕೆಜಿ ವಿಭಾಗದ ಕಂಚು. ಹೊಸಬರು ಬಂದರೆ ಮಾಸ್ಟ್ರು ಆ ಚಿತ್ರದ ಮುಂದೆ ನಿಲ್ಲಿಸಿ, "ಕೈ ನೋಡ್ಬೇಡಿ, ಕಾಲು ನೋಡಿ" ಅನ್ನುತ್ತಾರೆ. ಭುಜದಿಂದ ಮೇಲೆತ್ತುವ ಆ ಜರ್ಕ್‌ನಲ್ಲಿ ಮೊಣಕಾಲು ಸ್ವಲ್ಪ ಮಡಿಸಿ ರಾಡನ್ನು ಕಾಲಿನಿಂದಲೇ ಮೇಲಕ್ಕೆ ಚಿಮ್ಮಿಸುತ್ತಾರೆ. ಪ್ರೆಸ್‌ನಲ್ಲಿ ಆ ಸೌಲಭ್ಯ ಇಲ್ಲ. ಮೊಣಕಾಲು ನೆಟ್ಟಗೆ, ಅಲ್ಲಾಡುವ ಹಾಗಿಲ್ಲ. ಹಾಗಿದ್ದರೂ ಕಾಲಿಗೆ ಕೆಲಸ ಉಂಟು, ಅದು ಗಟ್ಟಿಯಾಗಿ ನಿಲ್ಲುವ ಕೆಲಸ.

ಶುರುವಿನಲ್ಲಿ ಕೈಗೆ ಕೊಟ್ಟದ್ದು ಒಂದು ಕೋಲು. ಅದರಲ್ಲೇ ಹಿಡಿತ ಕಲಿಸಿದರು. ಭುಜದ ಅಗಲಕ್ಕಿಂತ ಚೂರು ಹೊರಗೆ ಹಿಡಿಯಬೇಕು. ಮುಂದಿನಿಂದ ನೋಡಿದರೆ ಮೊಣಕೈಯಿಂದ ಮಣಿಕಟ್ಟಿನವರೆಗೆ ಕೈ ಕಂಬದ ಹಾಗೆ ನೆಟ್ಟಗಿರಬೇಕು. ಜಾಸ್ತಿ ಅಗಲ ಹಿಡಿದರೆ ಮೊಣಕೈ ಹೊರಗೆ ಹೋಗಿ ಬಲ ಪಕ್ಕಕ್ಕೆ ಸೋರುತ್ತದೆ. ಹೆಬ್ಬೆರಳು ರಾಡಿನ ಸುತ್ತ ಬರಲೇಬೇಕು. ಹೆಬ್ಬೆರಳು ಹಿಂದೆ ಇಟ್ಟು ಬರಿಯ ಅಂಗೈ ಮೇಲೆ ರಾಡ್ ಇಡುವವರನ್ನು ನೋಡಿದ್ದೇನೆ, ಹೊಸಬರಿಗೆ ಅದು ಅಪಾಯ. ರಾಡ್ ಬೆರಳಿನ ಬುಡದಲ್ಲಿ ಕೂತರೆ ಮಣಿಕಟ್ಟು ಹಿಂದಕ್ಕೆ ಬಾಗಿ ನೋಯುತ್ತದೆ. ಅಂಗೈಯ ಕೆಳಭಾಗದಲ್ಲಿ, ಮುಂಗೈ ಮೂಳೆಯ ನೇರಕ್ಕೆ ಕೂತರೆ ಭಾರ ಮೂಳೆಯ ಮೇಲೆ ಬೀಳುತ್ತದೆ. ಇದನ್ನು ಮಾತಲ್ಲಿ ಹೇಳಿದರೆ ಅರ್ಥ ಆಗುವುದಿಲ್ಲ. ಮಾಸ್ಟ್ರು ನನ್ನ ಅಂಗೈ ಮೇಲೆ ಸೀಮೆಸುಣ್ಣದಲ್ಲಿ ಓರೆಯಾಗಿ ಒಂದು ಗೆರೆ ಎಳೆದರು, ರಾಡ್ ಇಲ್ಲಿ ಕೂರಬೇಕು ಅಂತ. ಮಣಿಕಟ್ಟಿನ ಸಮಸ್ಯೆ ಅಲ್ಲಿಗೆ ಮುಗಿಯಿತು.

ಮೊಣಕೈ ಬದಿಯಿಂದ ನೋಡಿದರೆ ರಾಡಿಗಿಂತ ಒಂದಿಷ್ಟು ಮುಂದೆ ಇರಬೇಕು. ಹಿಂದೆ ಹೋದರೆ ರಾಡ್ ಎತ್ತುವಾಗ ಮುಂದಕ್ಕೆ ಓಡುತ್ತದೆ. ರಾಡ್ ಕತ್ತಿನ ಕೆಳಗೆ, ಭುಜದ ಮುಂಭಾಗದ ಮಾಂಸದ ಮೇಲೆ ಕೂರಬೇಕು. ದಿನವಿಡೀ ಕಂಪ್ಯೂಟರ್ ಮುಂದೆ ಗೂನಿ ಕೂರುವವರಿಗೆ ಇದು ಸುಲಭ ಅಲ್ಲ. ಬೆನ್ನಿನ ಮೇಲ್ಭಾಗ ಗಟ್ಟಿಯಾಗಿ ಹೋಗಿರುತ್ತದೆ, ಕೈ ನೆಟ್ಟಗೆ ಮೇಲೆ ಹೋಗುವುದೇ ಇಲ್ಲ. ನನ್ನದೂ ಹಾಗೇ ಇತ್ತು. ಅದಕ್ಕೆ ಗೋಡೆಗೆ ಬೆನ್ನು ಒತ್ತಿ ನಿಂತು ಕೈ ಮೇಲೆ ಕೆಳಗೆ ಜಾರಿಸುವುದು, ಕಬ್ಬಿಣದ ಪೈಪಿಗೆ ಜೋತುಬೀಳುವುದು, ಇವೆರಡನ್ನು ಪ್ರತಿ ಸಲ ಮೊದಲು ಮಾಡಿಸುತ್ತಿದ್ದರು. ಈಗಲೂ ಅದನ್ನು ಮಾಡದೆ ನಾನು ರಾಡ್ ಮುಟ್ಟುವುದಿಲ್ಲ.

ಇನ್ನು ಕಾಲು. ಪಾದ ಸೊಂಟದಷ್ಟು ಅಗಲ ಅಥವಾ ಸ್ವಲ್ಪ ಹೆಚ್ಚು. ಹಿಮ್ಮಡಿ, ಹೆಬ್ಬೆರಳಿನ ಬುಡ, ಕಿರುಬೆರಳಿನ ಬುಡ, ಮೂರೂ ನೆಲಕ್ಕೆ ಒತ್ತಬೇಕು. ಮೆತ್ತನೆ ಅಟ್ಟೆಯ ಶೂ ಹಾಕಿ ಹೋಗಿದ್ದೆ. "ಮೇಡಂ, ಅದು ಓಡ್ಲಿಕ್ಕೆ ಇರುವುದು. ಇಲ್ಲಿ ನೆಲ ಗಟ್ಟಿ ಬೇಕು" ಎಂದು ತೆಗೆಸಿದರು. ಕಾಲುಚೀಲದಲ್ಲಿ ನಿಂತಾಗಲೇ ನೆಲ ಸಿಕ್ಕಿದ್ದು. ತೊಡೆ ಬಿಗಿ, ಕುಂಡೆ ಬಿಗಿ. ಈ ಎರಡನೆಯದನ್ನು ಮಾಸ್ಟ್ರು ನನಗೆ ಹೇಳಲು ಸಂಕೋಚಪಟ್ಟು, "ಎರಡು ಕಾಗದದ ನಡುವೆ ಹತ್ತು ರೂಪಾಯಿ ಇಟ್ಟು ಬೀಳದ ಹಾಗೆ ಹಿಡಿದಂತೆ" ಎಂದು ಸುತ್ತಿ ಬಳಸಿ ಹೇಳಿದರು. ಅಲ್ಲಿದ್ದ ಒಬ್ಬ ಹುಡುಗಿ ಬಂದು ಬಿಡಿಸಿ ಹೇಳಿದಳು. ಅದು ಬಿಗಿಯಾದ ತಕ್ಷಣ ಸೊಂಟ ಮುಂದಕ್ಕೆ ಬಾಗುವುದು ನಿಂತಿತು. ಅಷ್ಟು ವ್ಯತ್ಯಾಸ ಆಗುತ್ತದೆ ಎಂದು ನಾನು ಎಣಿಸಿಯೇ ಇರಲಿಲ್ಲ.

ಉಸಿರು ಕೂಡ ಕಲಿಯಬೇಕಾದ ವಿಷಯವೇ. ಕೆಳಗಿದ್ದಾಗ ಎದೆ ಎತ್ತಿ ಹೊಟ್ಟೆ ತುಂಬ ಉಸಿರು ಎಳೆದುಕೊಳ್ಳಬೇಕು. ಹಾಗೇ ಹಿಡಿದು, ಯಾರೋ ಹೊಟ್ಟೆಗೆ ಗುದ್ದಲು ಬಂದರೆ ಹೇಗೆ ಬಿಗಿ ಮಾಡುತ್ತೇವೆಯೋ ಹಾಗೆ ಬಿಗಿ ಮಾಡಿ, ರಾಡ್ ಎತ್ತಿ, ಮೇಲೆ ಹೋದ ನಂತರ ಬಿಡಬೇಕು. ಒಳಗಿನ ಗಾಳಿಯ ಒತ್ತಡವೇ ಬೆನ್ನೆಲುಬಿಗೆ ಆಸರೆ. ಆದರೆ ಹೀಗೆ ಉಸಿರು ಹಿಡಿದಾಗ ರಕ್ತದೊತ್ತಡ ಆ ಹೊತ್ತಿಗೆ ಏರುತ್ತದೆ. ಬಿ.ಪಿ. ಇರುವವರು ಡಾಕ್ಟರ ಹತ್ತಿರ ಕೇಳದೆ ಇದನ್ನು ಮಾಡಬಾರದು. ಬಿ.ಪಿ. ನೋಡಿಸಿಕೊಂಡು ಬನ್ನಿ ಎಂದು ಮಾಸ್ಟ್ರು ನನ್ನನ್ನು ಮೊದಲೇ ಕಳಿಸಿದ್ದರು.

ನನಗೆ ತುಂಬ ಸಮಯ ಹಿಡಿದದ್ದು ಮೂಗಿನ ವಿಷಯ. ರಾಡ್ ಕತ್ತಿನ ಹತ್ತಿರದಿಂದ ನೆಟ್ಟಗೆ ಮೇಲೆ ಹೋಗಬೇಕು. ಆದರೆ ದಾರಿಯಲ್ಲಿ ಗಲ್ಲ, ಮೂಗು, ಹಣೆ ಎಲ್ಲ ಇವೆ. ದೇಹ ಸಹಜವಾಗಿ ರಾಡನ್ನೇ ಮುಂದಕ್ಕೆ ತಳ್ಳಿ ಮುಖದ ಸುತ್ತ ತಿರುಗಿಸುತ್ತದೆ. ಆಗ ಭಾರ ಪಾದದಿಂದ ದೂರ ಹೋಗಿ ಕಾಲ್ಬೆರಳಿನ ಮೇಲೆ ಬರುತ್ತದೆ, ಭುಜಕ್ಕೆ ಇಲ್ಲದ ಹೊರೆ. ಮಾಸ್ಟ್ರು ಬದಿಯಲ್ಲಿ ನಿಂತು ನೋಡಿ ಕೇಳಿದರು: "ಎಂತದು ಮಾರಾಯ್ರೇ, ರಾಡ್ ಮೂಗಿಗೆ ದಾರಿ ಬಿಡುದಾ, ಮೂಗು ರಾಡಿಗೆ ದಾರಿ ಬಿಡುದಾ?"

ದಾರಿ ಬಿಡಬೇಕಾದ್ದು ಮೂಗು. ರಾಡ್ ಹೊರಡುವಾಗ ಗಲ್ಲ ಒಳಗೆಳೆದು ತಲೆಯನ್ನು ತುಸು ಹಿಂದಕ್ಕೆ ಸರಿಸಬೇಕು. ರಾಡ್ ಮುಖಕ್ಕೆ ತಾಗುವಷ್ಟು ಹತ್ತಿರದಿಂದ ಹೋಗುತ್ತದೆ. ಹಣೆ ದಾಟಿದ ಕೂಡಲೇ ತಲೆಯನ್ನು, ಎದೆಯನ್ನು ಮುಂದೆ ತಂದು ರಾಡಿನ ಅಡಿಗೆ ಬರಬೇಕು. ಹೆದರಿಕೆ ಆಗುತ್ತದೆ. ಕಬ್ಬಿಣ ಕಣ್ಣಿನ ಮುಂದೆಯೇ ಹಾದುಹೋಗುವಾಗ ಯಾರಿಗೆ ಆಗುವುದಿಲ್ಲ? ಅದಕ್ಕೇ ಕೋಲಿನಲ್ಲಿ ಅಷ್ಟು ದಿನ ಅಭ್ಯಾಸ ಮಾಡಿಸಿದ್ದು. ಕೋಲು ಮೂಗಿಗೆ ತಾಗಿದರೂ ಏನೂ ಆಗುವುದಿಲ್ಲ ಎಂದು ಗೊತ್ತಾದ ಮೇಲೆ ಕುತ್ತಿಗೆ ಸಡಿಲವಾಯಿತು.

ಕನ್ನಡಿ ಇದಕ್ಕೆ ಸಹಾಯ ಮಾಡಲಿಲ್ಲ. ಎದುರಿನ ಕನ್ನಡಿಯಲ್ಲಿ ಎಡಬಲ ಸಮ ಇದೆಯಾ ಎಂದು ಕಾಣುತ್ತದೆ, ಹಿಂದೆ ಮುಂದೆ ಕಾಣುವುದಿಲ್ಲ. ಮಾಸ್ಟ್ರು ನನ್ನನ್ನು ಕನ್ನಡಿಗೆ ಬೆನ್ನು ಹಾಕಿ ನಿಲ್ಲಿಸಿ, ಬದಿಯಿಂದ ನನ್ನ ಫೋನಿನಲ್ಲೇ ವಿಡಿಯೋ ತೆಗೆದು ತೋರಿಸಿದರು. ಪಾದದ ಮಧ್ಯದಿಂದ ಮೇಲಕ್ಕೆ ಒಂದು ಗೆರೆ ಎಳೆದುಕೊಳ್ಳಿ, ರಾಡ್ ಆ ಗೆರೆ ಬಿಟ್ಟು ಎಷ್ಟು ಆಚೆ ಹೋಯಿತು ನೋಡಿ ಎಂದರು. ಮಲ್ಪೆಯಲ್ಲಿ ಮೀನಿನ ಬುಟ್ಟಿ ಹೊತ್ತು ನಡೆಯುವ ಹೆಂಗಸರ ಹಾಗೆ ಭಾರ, ಬೆನ್ನು, ಪಾದ ಒಂದೇ ನೇರಕ್ಕೆ ಬರಬೇಕು ಎಂಬುದು ಅವರ ಮಾತು. ಆ ನೇರ ಸಿಕ್ಕಿದ ಸಲ ರಾಡ್ ನಿಜವಾಗಿ ಹಗುರ ಅನ್ನಿಸುತ್ತದೆ. ಸಿಗದ ಸಲ ಅದೇ ಭಾರ ಎರಡು ಪಟ್ಟು.

ಮೇಲೆ ಹೋದ ಮೇಲೆ ಕೆಲಸ ಮುಗಿಯುವುದಿಲ್ಲ. ಮೊಣಕೈ ಪೂರ್ತಿ ನೆಟ್ಟಗಾಗಬೇಕು, ಬದಿಯಿಂದ ನೋಡಿದರೆ ಕಿವಿ ತೋಳಿಗಿಂತ ಸ್ವಲ್ಪ ಮುಂದೆ ಕಾಣಬೇಕು. ಆಮೇಲೆ ಹೆಗಲನ್ನು ಕಿವಿಯ ಕಡೆಗೆ ಎತ್ತಿ ರಾಡನ್ನು ಇನ್ನೂ ಒಂಚೂರು ಮೇಲೆ ದೂಡಬೇಕು. ಹೆಗಲು ಕೆಳಗೆ ಎಳೆದು ಹಿಡಿಯಿರಿ ಎಂದು ಹೇಳುವವರು ತುಂಬ ಜನ ಇದ್ದಾರೆ. ಬೇರೆ ಕೆಲವು ವ್ಯಾಯಾಮಗಳಿಗೆ ಅದು ಸರಿ ಇರಬಹುದು, ಇದಕ್ಕೆ ಅಲ್ಲ. ಕೈ ತಲೆಯ ಮೇಲೆ ಹೋಗುವಾಗ ಬೆನ್ನಿನ ಎರಡು ಬದಿಯ ಹಲಗೆಯಂಥ ಮೂಳೆಗಳೂ ತಿರುಗಿ ಮೇಲೆ ಬರಬೇಕು. ಕೈ 180 ಡಿಗ್ರಿ ಏರುವುದರಲ್ಲಿ ಸುಮಾರು 60 ಡಿಗ್ರಿ ಆ ಮೂಳೆಯ ತಿರುಗುವಿಕೆಯಿಂದಲೇ ಬರುತ್ತದೆ. ಅದನ್ನು ಕೆಳಗೆ ಕಟ್ಟಿಹಾಕಿದರೆ ಭುಜದ ಸಂದಿನಲ್ಲಿ ಜಾಗ ಇಕ್ಕಟ್ಟಾಗುತ್ತದೆ. ನನಗೆ ಲೈಬ್ರರಿಯಲ್ಲಿ ಆಗುತ್ತಿದ್ದ ಚುಳುಕು ಕಡಿಮೆಯಾದದ್ದು ಈ ಹೆಗಲೆತ್ತುವುದನ್ನು ಕಲಿತ ಮೇಲೆ. ಹೀಗೆ ಎಲ್ಲರಿಗೂ ಆಗುತ್ತದೆ ಎಂದು ಹೇಳುವುದಿಲ್ಲ. ಭುಜದಲ್ಲಿ ನಿಜವಾದ ಪೆಟ್ಟಿದ್ದರೆ ಮೊದಲು ಡಾಕ್ಟರ ಹತ್ತಿರ ಹೋಗಬೇಕು.

ಭಾರ ಹೆಚ್ಚಿದ ಹಾಗೆ ಹೊಸ ಆಸೆ ಹುಟ್ಟುತ್ತದೆ, ಬೆನ್ನು ಹಿಂದಕ್ಕೆ ಬಗ್ಗಿಸುವ ಆಸೆ. ಹಿಂದೆ ವಾಲಿದರೆ ಎದೆಯ ಸ್ನಾಯುವೂ ಸಹಾಯಕ್ಕೆ ಬರುತ್ತದೆ, ರಾಡ್ ಏರುತ್ತದೆ. ಆದರೆ ಸೊಂಟದ ಮೇಲಿನ ಬೆನ್ನು ಅದಕ್ಕೆ ಬೆಲೆ ತೆರಬೇಕು. ಈ ವಾಲುವಿಕೆಗೆ ಒಂದು ದೊಡ್ಡ ಕಥೆ ಉಂಟು, ಮಾಸ್ಟ್ರು ಅದನ್ನು ಉತ್ಸಾಹದಿಂದ ಹೇಳುತ್ತಾರೆ. ಈಗ ಒಲಿಂಪಿಕ್ಸ್‌ನಲ್ಲಿ ನೆಲದಿಂದ ಒಂದೇ ಏಟಿಗೆ ತಲೆಯ ಮೇಲೆ ಎತ್ತುವ ಸ್ನ್ಯಾಚ್ ಮತ್ತು ಕ್ಲೀನ್ ಅಂಡ್ ಜರ್ಕ್ ಎರಡೇ ಇರುವುದು. 1928ರಿಂದ 1972ರ ವರೆಗೆ ಪ್ರೆಸ್ ಕೂಡ ಸೇರಿ ಮೂರು ಇದ್ದವು. ವರ್ಷ ಕಳೆದ ಹಾಗೆ ಸ್ಪರ್ಧಿಗಳು ಹೆಚ್ಚು ಹೆಚ್ಚು ಹಿಂದೆ ವಾಲತೊಡಗಿದರು. ಎಷ್ಟು ವಾಲಿದರೆ ಸರಿ, ಎಷ್ಟಾದರೆ ತಪ್ಪು ಎಂದು ತೀರ್ಪುಗಾರರಿಗೆ ಹೇಳಲು ಆಗದ ಹಾಗಾಯಿತು. 1972ರ ಮ್ಯೂನಿಕ್‌ನಲ್ಲಿ ಸೋವಿಯತ್ ದೇಶದ ವಾಸಿಲಿ ಅಲೆಕ್ಸೆಯೆವ್ ಪ್ರೆಸ್‌ನಲ್ಲಿ 235 ಕೆಜಿ ಎತ್ತಿದರು. ಅದೇ ಸ್ಪರ್ಧೆಯಲ್ಲಿ ಕ್ಲೀನ್ ಅಂಡ್ ಜರ್ಕ್‌ನಲ್ಲಿ ಎತ್ತಿದ್ದು 230. ಕಾಲಿನಿಂದ ಚಿಮ್ಮಿಸಿ ಎತ್ತುವುದಕ್ಕಿಂತ ಸುಮ್ನೆ ನಿಂತು ಎತ್ತಿದ್ದೇ ಜಾಸ್ತಿ! ಪ್ರೆಸ್ ಎಷ್ಟು ಬದಲಾಗಿತ್ತು ಎಂದು ಇದರಲ್ಲೇ ಗೊತ್ತಾಗುತ್ತದೆ ಎನ್ನುತ್ತಾರೆ ಮಾಸ್ಟ್ರು. ಆ ಕೂಟದ ನಂತರ ಪ್ರೆಸ್ ಅನ್ನು ತೆಗೆದುಹಾಕಿದರು.

ಕಥೆ ಮುಗಿಸಿ ಅವರು ನನ್ನ ಬೆನ್ನ ಹಿಂದೆ, ಒಂದು ಗೇಣು ದೂರದಲ್ಲಿ ಕೋಲು ಹಿಡಿದು ನಿಲ್ಲುತ್ತಿದ್ದರು. ವಾಲಿದರೆ ಕೋಲು ತಾಗುತ್ತದೆ. ತಾಗಿದರೆ ಆ ಸಲದ್ದು ಲೆಕ್ಕಕ್ಕಿಲ್ಲ. ಕಟ್ಟುನಿಟ್ಟು ಅಂದರೆ ಹಾಗೆ. ನನಗೆ ಅದು ಇಷ್ಟವಾಯಿತು. ನನ್ನ ಪ್ರಾಯ ನೋಡಿ, ಹೆಂಗಸು ಎಂದು ನೋಡಿ ರಿಯಾಯಿತಿ ಕೊಡದೆ ಸರಿಯಾಗಿ ಕಲಿಸಿದವರು ಅವರು.

ಕೋಲಿನ ನಂತರ 10 ಕೆಜಿಯ ಸಣ್ಣ ರಾಡ್, ಆಮೇಲೆ 15 ಕೆಜಿಯದ್ದು. ಜಿಮ್‌ಗಳಲ್ಲಿ ಸಾಮಾನ್ಯವಾಗಿ ಇರುವ ಉದ್ದದ ಒಲಿಂಪಿಕ್ ರಾಡ್ ಬರೀ 20 ಕೆಜಿ ಇರುತ್ತದೆ, ಪ್ಲೇಟ್ ಹಾಕದೆಯೇ. ಹೆಂಗಸರ ಸ್ಪರ್ಧೆಯದ್ದು 15. ತುಂಬ ಜನ ಹೆಂಗಸರು ಮೊದಲ ದಿನವೇ 20ರ ರಾಡ್ ಹಿಡಿದು, ಆಗಲಿಲ್ಲ ಎಂದು ಬಿಟ್ಟುಬಿಡುತ್ತಾರೆ. ಪಾಪ, ಅವರ ತೋಳಿನ ತಪ್ಪಲ್ಲ ಅದು. ಹಗುರ ರಾಡ್ ಇಟ್ಟಿಲ್ಲದ ಜಿಮ್‌ನದ್ದು. ವಾರಕ್ಕೆ ಎರಡು ಸಲ, ಐದೈದರ ಮೂರು ಸೆಟ್, ನಡುವೆ ಎರಡು ಮೂರು ನಿಮಿಷ ವಿಶ್ರಾಂತಿ. ನಮ್ಮ ಕ್ರಮ ಇಷ್ಟೇ.

ಆಗದೆ ಹೋದರೆ ಏನು ಮಾಡಬೇಕು ಎಂಬುದನ್ನೂ ಮೊದಲೇ ಕಲಿಸಿದರು. ಇದನ್ನು ಎಲ್ಲ ಕಡೆ ಕಲಿಸುವುದಿಲ್ಲ. ರಾಡ್ ಅರ್ಧದಲ್ಲಿ ನಿಂತರೆ ಒದ್ದಾಡಬಾರದು. ಬಂದ ದಾರಿಯಲ್ಲೇ ಭುಜದ ಮೇಲೆ ಇಳಿಸಿ, ಮೊಣಕಾಲು ಚೂರು ಮಡಿಸಿ ಪೆಟ್ಟು ತಗ್ಗಿಸಿ, ರ್ಯಾಕಿಗೆ ಇಡಬೇಕು. ರ್ಯಾಕಿನ ಕೊಕ್ಕೆ ಎದೆಯ ಮಟ್ಟದಲ್ಲಿರಬೇಕು. ತುದಿಗಾಲಲ್ಲಿ ನಿಂತು ತೆಗೆಯುವಷ್ಟು ಎತ್ತರ ಇದ್ದರೆ ಅಲ್ಲೇ ಅಪಾಯ. ರಾಡ್ ಕೈ ಮೀರಿ ಮುಂದೆ ಜಾರಿದರೆ ಅದನ್ನು ಬಿಟ್ಟು ಹಿಂದೆ ಸರಿಯಬೇಕು, ಹಿಡಿಯಲು ಹೋಗಬಾರದು. ಅದಕ್ಕೇ ಎದುರಿನಲ್ಲಿ ಯಾರೂ ನಿಲ್ಲದ ಹಾಗೆ ನೋಡಿಕೊಳ್ಳಬೇಕು. ಖಾಲಿ ರಾಡಿನಲ್ಲಿ ಬೇಕೆಂದೇ ಅರ್ಧಕ್ಕೆ ನಿಲ್ಲಿಸಿ ಇಳಿಸುವುದನ್ನು ನನ್ನ ಕೈಯಲ್ಲಿ ಮಾಡಿಸಿದರು. ಆಮೇಲೆ ಹೆದರಿಕೆ ಅರ್ಧಕ್ಕರ್ಧ ಹೋಯಿತು.

ಮಳೆಗಾಲ ಬಂದಾಗ ಬೇರೆ ತಾಪತ್ರಯ. ನಮ್ಮ ಊರಿನ ಮಳೆ, ಸೆಕೆ, ಉಪ್ಪುಗಾಳಿ ಮೂರೂ ಸೇರಿದರೆ ಕಬ್ಬಿಣ ಒಂದು ವಾರ ತಡೆಯುವುದಿಲ್ಲ. ರಾಡಿನ ಹಿಡಿಯುವ ಜಾಗದಲ್ಲಿ ಕೈ ಜಾರದ ಹಾಗೆ ಕೊರೆದ ಸಣ್ಣ ಚೆಕ್ಸ್ ಗೆರೆಗಳೊಳಗೆ ತುಕ್ಕು ಕೂರುತ್ತದೆ, ಅಂಗೈ ಕೆಂಪಾಗುತ್ತದೆ. ಬೆವರಿಗೆ ರಾಡ್ ಜಾರುತ್ತದೆ. ತಲೆಯ ಮೇಲೆ ಭಾರ ಇರುವಾಗ ಜಾರುವುದು ಸಣ್ಣ ವಿಷಯ ಅಲ್ಲ. ಭಾನುವಾರ ಹುಡುಗರು ತಂತಿ ಬ್ರಶ್‌ನಲ್ಲಿ ಉಜ್ಜಿ, ಹೊಲಿಗೆ ಮೆಷಿನ್ನಿನ ಎಣ್ಣೆ ತೆಳುವಾಗಿ ಸವರಿ, ಒಣ ಬಟ್ಟೆಯಲ್ಲಿ ಪೂರ್ತಿ ಒರೆಸಿಡುತ್ತಾರೆ. ಎಣ್ಣೆ ಸ್ವಲ್ಪ ಉಳಿದರೂ ಕೆಟ್ಟಿತು. ಕೈಗೆ ಚಾಕ್ ಪುಡಿ. ಇದು ಶಾಲೆಯ ಸೀಮೆಸುಣ್ಣ ಅಲ್ಲ, ಮೆಗ್ನೀಷಿಯಂ ಕಾರ್ಬೊನೇಟ್. ಬೆವರು ಹೀರುತ್ತದೆ. "ಅಕ್ಕ, ಬಟ್ಟೆ ಬಿಳಿ ಆಗ್ತದೆ" ಎಂದು ಹುಡುಗರು ಎಚ್ಚರಿಸುತ್ತಾರೆ, ಆಗಲಿ.

20 ಕೆಜಿಯ ರಾಡ್ ಐದು ಸಲ ಸಲೀಸಾಗಿ ಏರಿದ ದಿನ ಮಾಸ್ಟ್ರು ಏನೂ ಹೇಳಲಿಲ್ಲ, ವಹಿಯಲ್ಲಿ ಬರೆದುಕೊಂಡರು. ನನಗೆ ಮಾತ್ರ ತುಂಬ ಖುಷಿಯಾಯಿತು. ಮನೆಗೆ ಬಂದು ಹೇಳಿದರೆ ಅತ್ತೆ, "20 ಕೆಜಿ ಎಂದರೆ ಅರ್ಧ ಮುಡಿ ಅಕ್ಕಿ ಆಯ್ತಲ್ಲ!" ಎಂದರು. ಮುಡಿ ಅಂದರೆ ಬೈಹುಲ್ಲಿನಲ್ಲಿ ಕಟ್ಟಿದ ಅಕ್ಕಿಯ ಮೂಟೆ. ಅವರ ಕಾಲದಲ್ಲಿ ಗಂಡಸರು ಇಡೀ ಮುಡಿ ಎತ್ತಿ ಹೆಗಲಿಗೆ ಹಾಕುತ್ತಿದ್ದುದನ್ನು ನೋಡಿದವರು. ಅಂದಿನಿಂದ ನನ್ನ ಜಿಮ್ ಬ್ಯಾಗನ್ನು ಬಾಗಿಲ ಹತ್ತಿರ ತಂದಿಡುವವರು ಅವರೇ.

ಅಲ್ಲಿಂದ ಮುಂದೆ ಸಿಕ್ಕಿಬಿದ್ದೆ. ಈ ವ್ಯಾಯಾಮದಲ್ಲಿ ಪ್ರಗತಿ ನಿಧಾನ. ಭುಜ, ತೋಳಿನ ಹಿಂಭಾಗದ ಟ್ರೈಸೆಪ್ಸ್ ಇವೆಲ್ಲ ತೊಡೆಯ ಮುಂದೆ ಸಣ್ಣ ಸ್ನಾಯುಗಳು. ಜಿಮ್‌ನಲ್ಲಿ ಇದ್ದ ಅತಿ ಸಣ್ಣ ಪ್ಲೇಟ್ 1.25 ಕೆಜಿಯದ್ದು. ಎರಡು ಬದಿಗೆ ಹಾಕಿದರೆ 2.5. ನೂರು ಕೆಜಿ ಹೊತ್ತು ಸ್ಕ್ವಾಟ್, ಅಂದರೆ ಕೂತು ಏಳುವುದು, ಮಾಡುವ ಹುಡುಗನಿಗೆ 2.5 ಸೇರಿಸುವುದು ಲೆಕ್ಕಕ್ಕೇ ಬರುವುದಿಲ್ಲ. 20 ಎತ್ತುವ ನನಗೆ ಅದು ಎಂಟನೇ ಒಂದು ಪಾಲು. 22.5ರಲ್ಲಿ ಎರಡು ಏರುತ್ತಿತ್ತು, ಮೂರನೆಯದಕ್ಕೆ ಬೆನ್ನು ವಾಲುತ್ತಿತ್ತು, ಕೋಲು ತಾಗುತ್ತಿತ್ತು. ಇಂಥ ಹೊತ್ತಿನಲ್ಲಿ ತುಂಬ ಜನ, ಹೆಂಗಸರಿಗೆ ಇಷ್ಟೇ ಎಂದು ಕೈಬಿಡುತ್ತಾರೆ. ಸಮಸ್ಯೆ ಹೆಂಗಸಿನದ್ದಲ್ಲ, ಪ್ಲೇಟಿನದ್ದು. ಮಣಿಪಾಲದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಲೇತ್ ಇಟ್ಟಿರುವ ಪರಿಚಯದವರಿಂದ ಅರ್ಧ ಕೆಜಿಯ ಎರಡು ಬಿಲ್ಲೆ ಮಾಡಿಸಿದೆ. ಕಬ್ಬಿಣದ ಹಾಳೆಯಲ್ಲಿ ದುಂಡಗೆ ಕತ್ತರಿಸಿ, ನಡುವೆ ರಾಡಿನ ಅಳತೆಗೆ ತೂತು ಹಾಕಿ, ತಕ್ಕಡಿಯಲ್ಲಿ ತೂಗಿ, ಅಂಚು ಅರೆದು ಕೊಟ್ಟರು. ಈಗ ಒಂದೊಂದೇ ಕೆಜಿ ಏರಿಸಬಹುದು. 21 ಆಯಿತು, 22 ಆಯಿತು, ಬೆನ್ನು ವಾಲದೆ. ಆ ಬಿಲ್ಲೆಗಳನ್ನು ಜಿಮ್‌ನಲ್ಲೇ ಇಟ್ಟಿದ್ದೇನೆ. ಹೊಸದಾಗಿ ಸೇರಿದ ಇನ್ನಿಬ್ಬರು ಹೆಂಗಸರೂ ಅದನ್ನೇ ಬಳಸುತ್ತಿದ್ದಾರೆ. ನನ್ನ ರಾಡ್ ಈಗ 26ಕ್ಕೆ ಬಂದಿದೆ. ಮುಂದಿನದು 27.